ಅತ್ತೆಯ ಎರೆಹೊಲದಲ್ಲಿ ಹುಲ್ಲಿನ ಬೀಜ

ನಮ್ಮ ಅತ್ತೆಯ ಹೊಲದಲ್ಲಿ ಹಲ್ಲುಸಂದಿಗೆ ಒಂದು ಹುಲ್ಲುಕಡ್ಡಿ ಬೇಕೆಂದರೂ ಸಿಗುತ್ತಿರಲಿಲ್ಲ. ಇದು ನನ್ನ ಮಾತಲ್ಲ, ಮೋಟೆಬೆನ್ನೂರಿನಿಂದ ಬ್ಯಾಡಗಿಯವರೆಗೆ ನಮ್ಮ ಕಡೆಯ ಜನ ಆಡುತ್ತಿದ್ದ ಮಾತು. ಕರಿಕೆ ಎಂಬ ಹುಲ್ಲು ಕಪ್ಪುಮಣ್ಣಿನ ಎರೆಹೊಲಕ್ಕೆ ಹೊಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ ಎನ್ನುತ್ತಾರೆ. ಅತ್ತೆ ಅದರ ಬೇರನ್ನು ಮೊಳಕೈ ಆಳ ಅಗೆದು ತೆಗೆದು, ಬದುವಿನ ಮೇಲೆ ಒಣಗಿಸಿ, ಸುಟ್ಟು ಬೂದಿ ಮಾಡಿ, ಆಮೇಲೆ ಬುತ್ತಿ ಬಿಚ್ಚುತ್ತಿದ್ದರು. ನೆಂಟರ ಮನೆಗೆ ಹೋದರೂ ಕೈ ಸುಮ್ಮನಿರುತ್ತಿರಲಿಲ್ಲ, ಮಾತಾಡುತ್ತ ಮಾತಾಡುತ್ತ ಅವರ ಹಿತ್ತಲಿನ ಕಸ ಕಿತ್ತು ಒಂದು ಮೂಲೆಗೆ ಗುಡ್ಡೆ ಹಾಕಿರುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ನನ್ನ ಮುಖಕ್ಕಿಂತ ಮೊದಲು ನಮ್ಮ ಅಪ್ಪನ ಹೊಲದ ಬದು ನೋಡಿದ್ದರಂತೆ. ಬದು ಚೊಕ್ಕವಾಗಿತ್ತು, ಹಾಗಾಗಿ ನಾನು ಪಾಸಾದೆ.

ಅಂಥ ಹೆಂಗಸಿನ ಹೊಲದಲ್ಲಿ ನಾನು ಹುಲ್ಲು ಬೆಳೆದೆ. ದನಕ್ಕೆ ಕೊಯ್ದು ಹಾಕಲು ಮಾತ್ರವಲ್ಲ, ಬೀಜ ಮಾಡಲು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಮನೆಯವರು ನಗುತ್ತಾರೆ. ನಗಲಿ. ಏರಬೇಕಾದ ಮಾತಿಗೆ ದನಿ ಏರಲೇಬೇಕು.

ನನ್ನ ತವರು ರಾಣೆಬೆನ್ನೂರು ಕಡೆ. ಅಲ್ಲಿ ಬೀಜ ಮಾಡುವುದೆಂದರೆ ಮನೆಮನೆಯ ಕಸುಬು. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಯಾವುದಾದರೂ ಸರಿ, ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುವುದು. ನಾವು ಅದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಸಂಜೆ ಮೊಗ್ಗು ಬಿಡಿಸಿ ಅದರ ಗಂಡುಭಾಗ ತೆಗೆದಿಡಬೇಕು, ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬಂದು ಪರಾಗ ಹಚ್ಚಬೇಕು, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಒಂದು ದಿನ ತಪ್ಪಿದರೆ ಹೂವು ನಿಮಗಾಗಿ ಕಾಯುವುದಿಲ್ಲ. ಲಂಗ ಹಾಕುವ ವಯಸ್ಸಿನಿಂದ ಮದುವೆಯಾಗುವವರೆಗೆ ನಾನು ಈ ಕೆಲಸ ಮಾಡಿದ್ದೇನೆ. ಹೊಲವೆಂದರೆ ನನ್ನ ಕಣ್ಣಿಗೆ ಒಂದೇ ಹಸಿರು ಹಾಸು ಅಲ್ಲ, ಒಂದೊಂದೇ ಹೂವು. ಅತ್ತೆಯ ಕಣ್ಣಿಗೆ ಹೊಲವೆಂದರೆ ಈ ಬದುವಿನಿಂದ ಆ ಬದುವಿನವರೆಗೆ ಒಂದೇ. ನಮ್ಮಿಬ್ಬರ ಜಗಳಕ್ಕೆಲ್ಲ ಇಷ್ಟೇ ಕಾರಣ ಎಂದು ಈಗ ಅನ್ನಿಸುತ್ತದೆ.

ಹುಲ್ಲಿನ ಹುಚ್ಚು ಹತ್ತಿದ್ದು ನಮ್ಮ ಎಮ್ಮೆಗಳಿಂದ. ನಾನು ಈ ಮನೆಗೆ ಬಂದಾಗ ಹೊಲದ ತುಂಬ ಬಿಳಿಜೋಳವಿತ್ತು, ಅದರ ದಂಟು ಒಣಗಿಸಿದರೆ ವರ್ಷಪೂರ್ತಿ ದನಕ್ಕೆ ಕಣಿಕಿ ಎಂಬ ಒಣಮೇವು. ಆಮೇಲೆ ಮೇಲಿನ ಹೊಲದಲ್ಲಿ ರೊಟ್ಟಿಗೆ ಬೇಕಾದಷ್ಟು ಮಾತ್ರ ಉಳಿದು, ಜೋಳ ಸರಿದು ಗೋವಿನಜೋಳ, ಅಂದರೆ ಮೆಕ್ಕೆಜೋಳ ಬಂತು. ಅದರ ಒಣದಂಟನ್ನು ನಮ್ಮ ಎಮ್ಮೆಗಳು ಮೂಸಿ ನೋಡಿ, ನನ್ನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸುತ್ತಿದ್ದವು. ಸೊಸೆಯನ್ನು ಬೈಯಲು ಅತ್ತೆಗೆ ಮಾತಾದರೂ ಬೇಕು, ಎಮ್ಮೆಗೆ ಅದೂ ಬೇಡ. ಹಸಿಮೇವು ಬೆಳೆಯೋಣವೆಂದರೆ ಬೀಜ ಎಲ್ಲಿಂದಲೋ ಬರಬೇಕು, ಬಂದದ್ದು ಅರ್ಧ ಮೊಳೆಯುವುದಿಲ್ಲ. ಹಾಲು ಹಾಕುವ ಹೆಂಗಸರೆಲ್ಲರದೂ ಇದೇ ಗೋಳು.

ಹಾವೇರಿಯಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಪಾಠ ಹೇಳಿದ ಮೇಡಂ ಗಿನಿ ಹುಲ್ಲಿನ ಬಗ್ಗೆ, ಮೇವಿನ ಅಲಸಂದೆಯ ಬಗ್ಗೆ ಹೇಳಿ ಕೊನೆಗೆ ಒಂದು ಮಾತು ಸೇರಿಸಿದರು: "ಎಲ್ಲಾರೂ ಮೇವು ಬೇಕಂತೀರಿ. ಬೀಜ ಮಾಡೋರು ಯಾರು?" ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಮಾತ್ರ ಆ ಪ್ರಶ್ನೆ ನನ್ನನ್ನೇ ಕೇಳಿದಂತಾಯಿತು. ಬೀಜ ಮಾಡಿದ ಕೈ ನನ್ನದು, ರಾಣೆಬೆನ್ನೂರಿನ ಕೈ. ಬಸ್ಸಿನಲ್ಲಿ ವಾಪಸು ಬರುವಾಗಲೇ ಮನಸ್ಸಿನಲ್ಲಿ ಸಾಲು ಹೊಡೆದಾಗಿತ್ತು. ಹೊಲ ಮಾತ್ರ ನನ್ನದಲ್ಲ, ಅತ್ತೆಯದು.

ರೊಟ್ಟಿ ಬಡಿಯುವಾಗ ಮೆಲ್ಲಗೆ ಕೇಳಿದೆ. "ಅತ್ತೀ, ರಸ್ತಾದ ಕಡಿ ಹೊಲದಾಗ ಎರಡು ಎಕರೆ ಕೊಡ್ರಿ. ಹುಲ್ಲು ಹಚ್ತೇನಿ."

"ಹುಲ್ಲು? ಎದಕ?"

"ಬೀಜ ಮಾಡಾಕ್ರಿ."

ಅತ್ತೆಯ ಕೈ ಹಿಟ್ಟಿನಲ್ಲೇ ನಿಂತಿತು. "ಹುಲ್ಲಿನ ಬೀಜ ಬೀಳಬಾರದಂತ ನಾ ಜನ್ಮ ಎಲ್ಲಾ ಬಡದಾಡೇನಿ. ನೀ ಅದನ್ನ ಕೈಯಾರೆ ಬೆಳಸ್ತೇನಿ ಅಂತೀ?"

"ಕರಿಕಿ ಬ್ಯಾರೆ, ಇದು ಬ್ಯಾರೆ ಐತ್ರಿ. ಇದು ನೆಲದಾಗ ಹರದಾಡೂದಿಲ್ಲ. ನಿಂತಲ್ಲೇ ನಿಂತು ಪೊದಿ ಆಗತೈತಿ. ನಡುವ ಅಲಸಂದಿ ಹಾಕ್ತೇನಿ."

ಅಲಸಂದೆಯ ಮಾತು ಬಂದದ್ದೇ ಒಳ್ಳೆಯದಾಯಿತು. ಅಲಸಂದೆ ಕಾಳು, ಕಾಳಿಗೆ ಅತ್ತೆಯ ಮನೆಯಲ್ಲಿ ಮರ್ಯಾದೆಯಿತ್ತು. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಆಮೇಲೆ ಹೇಳಿದರು: "ಬರೂ ಮುಂಗಾರಿನ ತನಕ. ಅಷ್ಟರಾಗ ಬೀಜ ಆಗಬೇಕು, ಆದ ಬೀಜ ಮೊಳಿಬೇಕು. ಇಲ್ಲಾಂದ್ರ ನಾನೇ ನಿಂತು ಟ್ರ್ಯಾಕ್ಟರಿನಿಂದ ನೆಲಾ ಪಲ್ಟಿ ಹೊಡಸ್ತೇನಿ. ಒಂದು ಬೇರು ಉಳಿಯಾಕ ಬಿಡೂದಿಲ್ಲ."

ನಮ್ಮವರು ಊಟದ ತಟ್ಟೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡು, "ನಿಮ್ಮಿಬ್ಬರ ನಡುವ ನಾ ಬದು ಇದ್ದಂಗ ಅದೇನಿ. ಎರಡೂ ಕಡೆಯಿಂದ ಕಡೀತೀರಿ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅವರ ಪಾಲಿನ ನ್ಯಾಯತೀರ್ಮಾನ ಅಷ್ಟೇ.

ಗಿನಿ ಹುಲ್ಲನ್ನು ಬೇರುಸಹಿತ ಕಿತ್ತ ಕಡ್ಡಿಗಳಿಂದ ನೆಟ್ಟೆವು. ಎರಡು ಸಾಲಿನ ನಡುವೆ ಮೇವಿನ ಅಲಸಂದೆ ಊರಿದೆವು. ನಮ್ಮ ಆ ಹೊಲ ಹೆದ್ದಾರಿಗೆ ಹತ್ತಿಕೊಂಡೇ ಇದೆ, ಅಲ್ಲಿ ಸೀನಿದರೂ ಊರಿಗೆ ಗೊತ್ತಾಗುತ್ತದೆ. ಹುಲ್ಲು ಸೊಂಟದೆತ್ತರ ಬೆಳೆದು ಗಾಳಿಗೆ ಓಲಾಡತೊಡಗಿದಾಗ, ಹೋಗುವವರು ಬರುವವರು ಬೈಕ್ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬ ಹಿರಿಯರಂತೂ ಕೈ ಬಾಯಿ ತಿರುಗಿಸಿ, "ಏನವಾ, ಮಂದಿ ಹುಲ್ಲು ಕಿತ್ತು ಬೆಳಿ ಉಳಸ್ತಾರ, ನೀ ಬೆಳಿ ಬಿಟ್ಟು ಹುಲ್ಲು ಉಳಿಸೀದಿ" ಎಂದರು. ನಾನು, "ನಿಮ್ಮ ಎತ್ತಿನ್ನ ಕೇಳಿ ನೋಡ್ರಿ, ಯಾವುದು ಬೆಳಿ ಅಂತ ಅದು ಹೇಳತೈತಿ" ಎಂದೆ. ಆ ಉತ್ತರ ನನಗೇ ಬಹಳ ಹಿಡಿಸಿತು. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಅತ್ತೆ ಆ ಎರಡು ಎಕರೆಗೆ ಕಾಲಿಡುತ್ತಿದ್ದದ್ದು ಅಲಸಂದೆಗಾಗಿ ಮಾತ್ರ. ಎಳೆಗಾಯಿ ಕಂಡರೆ ಕಿತ್ತು ಸೆರಗಿಗೆ ಹಾಕಿಕೊಂಡು ಬಂದು ಪಲ್ಯ ಮಾಡುತ್ತಿದ್ದರು. "ಅತ್ತೀ, ಅದು ಬೀಜಕ್ಕ ಬಿಟ್ಟದ್ರಿ" ಎಂದರೆ, "ಬೀಜ ಅಷ್ಟ ಆದ್ರ ಸಾಕೇನು, ಮಂದಿ ಉಣಬಾರದೇನು?" ಎನ್ನುತ್ತಿದ್ದರು. ಮೇವಿನ ಅಲಸಂದೆ ಬಾಯಿಗೆ ಅಷ್ಟೇನೂ ರುಚಿಯಿಲ್ಲ. ಆದರೂ ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಆ ಪಲ್ಯ ಆಗುತ್ತಿತ್ತು, ನನ್ನ ಮೇಲಿನ ಹಟಕ್ಕೆ. ಹುಲ್ಲಿನ ಸಾಲು ಮಾತ್ರ ಅವರ ಪಾಲಿಗೆ ಇಲ್ಲವೇ ಇಲ್ಲ. ಹುಲ್ಲು ಮೈಗೆ ತಾಗದಂತೆ ಸೀರೆ ಎತ್ತಿಕಟ್ಟಿ ನಡೆಯುತ್ತಿದ್ದರು.

ಸೀಗಿ ಹುಣ್ಣಿಮೆ ಬಂತು. ಆ ದಿನ ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು, ನಿಂತ ಬೆಳೆಯ ತುಂಬ ನಡೆದು, ಕಡಬು ರೊಟ್ಟಿ ಪಲ್ಯ ಕಲಸಿದ ಚರಗವನ್ನು ಬೀರುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸಬೇಕು ಎಂಬ ನಂಬಿಕೆ. ಅತ್ತೆ ಬುಟ್ಟಿ ಹಿಡಿದು ಗೋವಿನಜೋಳಕ್ಕೆ ಚೆಲ್ಲಿದರು, ಹತ್ತಿಗೆ ಚೆಲ್ಲಿದರು, ಬಗ್ಗಿ ಬಗ್ಗಿ ಅಲಸಂದೆಯ ಬಳ್ಳಿಗೂ ಚೆಲ್ಲಿದರು. ಹುಲ್ಲಿನ ಸಾಲಿಗೆ ಬಂದಾಗ ಬುಟ್ಟಿಯನ್ನು ಆ ಬದಿಯಿಂದ ಈ ಬದಿಗೆ ಬದಲಿಸಿಕೊಂಡು ಮುಂದೆ ಹೋದರು.

"ಇಲ್ಲಿ ಚೆಲ್ಲಲಿಲ್ರಿ ಅತ್ತೀ" ಎಂದೆ.

"ಹುಲ್ಲಿಗೆ ಚರಗಾ ಚೆಲ್ಲಿದ್ರ ಭೂಮಿತಾಯಿ ನಗತಾಳ."

ನನಗೆ ಕೋಪ ನೆತ್ತಿಗೇರಿತು. ಹೋಗಲಿ ಬೀಜ ಆಗುವುದಿಲ್ಲ ಎನ್ನಲಿ, ಲಾಭವಿಲ್ಲ ಎನ್ನಲಿ, ಆದರೆ ನಾನು ಬೆಳೆದದ್ದು ಬೆಳೆಯೇ ಅಲ್ಲ ಎಂದರೆ? ಬೇವಿನ ನೆರಳಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ನನಗೆ ಒಂದು ಕಡಬು ಇಳಿಯಲಿಲ್ಲ. ಎರಡು ಎಕರೆ ಉಳಿಯಬೇಕೆಂದು ಆವರೆಗೆ ಬಡಿದಾಡುತ್ತಿದ್ದೆ. ಅವತ್ತಿನಿಂದ ಅಷ್ಟೇ ಸಾಲದಾಯಿತು, ಅದನ್ನು ಬೆಳೆ ಎಂದು ಆ ಬಾಯಿ ಒಪ್ಪಬೇಕು ಎನ್ನಿಸಿತು.

ಹುಲ್ಲು ತೆನೆ ಹಾಕಿತ್ತು. ಕೆದರಿದ ಕೂದಲಿನಂತೆ ಬಿಡಿಬಿಡಿಯಾದ ತೆನೆ, ಅದರಲ್ಲಿ ಜೀರಿಗೆಯ ಅರ್ಧದಷ್ಟು ಸಣ್ಣ ಕಾಳು. ಯಾವಾಗ ಕೊಯ್ಯಬೇಕು ಎಂದು ನಾವು ಮೂವರೂ ಹೊಲದಲ್ಲಿ ನಿಂತು ನೋಡಿದೆವು. ನೋಡಿದ್ದು ಬ್ಯಾಡಗಿ ಕಡೆಯ ಕಣ್ಣಿನಿಂದ. ಮೆಣಸಿನಕಾಯಿಯಾದರೆ ಬಣ್ಣ ಏರಬೇಕು, ಜೋಳವಾದರೆ ತೆನೆ ಬಣ್ಣ ತಿರುಗಬೇಕು, ಅಲ್ಲಿಯವರೆಗೆ ಕೈ ಹಚ್ಚಬಾರದು. ಇದು ನಮಗೆ ತಾಯಿಹಾಲಿನ ಜೊತೆ ಬಂದ ಪಾಠ. ಹುಲ್ಲಿನ ತೆನೆ ಇನ್ನೂ ಹಸಿರಿತ್ತು. "ಬಣ್ಣ ಬರಲಿ" ಎಂದರು ನಮ್ಮವರು. "ಬರಲಿ" ಎಂದೆ ನಾನು. ಅತ್ತೆಯ ತಲೆಯೂ ಹೌದೆಂದು ಅಲ್ಲಾಡಿದ್ದನ್ನು ನಾನು ನೋಡಿದ್ದೇನೆ.

ಕಾದೆವು. ಇಡೀ ಹೊಲ ಒಂದೇ ಹದಕ್ಕೆ ಬಂಗಾರದ ಬಣ್ಣಕ್ಕೆ ತಿರುಗಿತು. ಎಂಥ ಚಂದ ಎಂದರೆ, ಮೊದಲು ನಕ್ಕಿದ್ದ ಹಿರಿಯರು ಕೂಡ ಬೈಕ್ ನಿಲ್ಲಿಸಿ ನೋಡಿದರು. ಕೊಯ್ದೆವು, ಕಣಕ್ಕೆ ತಂದೆವು, ಬಡಿದೆವು, ಗಾಳಿ ಬಂದಾಗ ಮೊರ ಎತ್ತಿ ತೂರಿದೆವು. ಜೋಳ ತೂರಿದರೆ ಹೊಟ್ಟು ಹಾರಿ ಕಾಳು ಕಾಲಬುಡಕ್ಕೆ ಬೀಳುತ್ತದೆ. ಇದು ಎಲ್ಲವೂ ಹಾರಿತು. ಮೊರಕ್ಕೆ ಮೊರ ತೂರಿದರೂ ಕಾಲಬುಡದಲ್ಲಿ ಉಳಿದದ್ದು ಮಣ್ಣು, ಅದರ ಜೊತೆ ಒಂದು ಹಿಡಿಯೂ ಆಗದಷ್ಟು ಬೀಜ. ನಮ್ಮವರ ಹುಬ್ಬು ಮೀಸೆಯಲ್ಲೆಲ್ಲ ಹೊಟ್ಟು.

ಅತ್ತೆ ಕಣದ ಅಂಚಿನಲ್ಲಿ ಕೂತಿದ್ದರು. "ನಾ ಏನೂ ಅನ್ನೂದಿಲ್ಲವಾ" ಎಂದು ಎದ್ದು ಸೀರೆ ಕೊಡವಿಕೊಂಡರು. ಅವರು ಹಾಗೆಂದರೆ ಊರಿಗೆಲ್ಲ ಅಂದಾಗಿದೆ ಎಂದೇ ಅರ್ಥ. ಮರುದಿನ ನೀರಿಗೆ ಹೋದರೆ ನಲ್ಲಿಯ ಹತ್ತಿರ ಇದೇ ಸುದ್ದಿ.

ಹುಲ್ಲಿನ ಒಂದು ಗುಣ ಹೇಳಬೇಕು. ಕೊಯ್ದರೆ ಅದು ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ನಾನೂ ಅದೇ ಜಾತಿಯವಳು. ಮುಂಗಾರಿನವರೆಗೆ ಅವಧಿ ಇತ್ತು. ಕೊಳವೆಬಾವಿಯ ನೀರು ಬಿಟ್ಟೆ, ಗೊಬ್ಬರ ಕೊಟ್ಟೆ, ಹುಲ್ಲು ಇನ್ನೊಮ್ಮೆ ಎದ್ದು ತೆನೆ ಹಾಕಿತು. ಈ ಸಲ ಕಣ್ಣನ್ನು ಬ್ಯಾಡಗಿಯಲ್ಲಿ ಬಿಟ್ಟು, ತವರಿನ ಕಣ್ಣು ಹಾಕಿಕೊಂಡು ಹೋದೆ. ಒಂದು ಪೊದೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೇ ತೆನೆಯನ್ನು ಅಂಗೈ ಮೇಲೆ ಇಟ್ಟುಕೊಂಡೆ. ತುದಿಯ ಕಾಳು ಮುಟ್ಟಿದ್ದೇ ತಡ ಉದುರಿ ಕೈಗೆ ಬಂತು. ನಡುವಿನದು ಇನ್ನೂ ಹಾಲುಗಾಳು. ಬುಡದಲ್ಲಿ ಆಗಷ್ಟೇ ಹೂವು. ಒಂದೇ ತೆನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಇದ್ದರು.

ಆಗ ನಮ್ಮ ತಪ್ಪು ತಿಳಿಯಿತು. ಹುಲ್ಲು ಜೋಳದಂತೆ ಒಟ್ಟಿಗೆ ಬಲಿಯುವುದಿಲ್ಲ. ಬಲಿತದ್ದು ಅವತ್ತೇ ಉದುರುತ್ತದೆ. ಇಡೀ ತೆನೆಗೆ ಬಣ್ಣ ಬರುವ ಹೊತ್ತಿಗೆ ಒಳ್ಳೆಯ ಬೀಜವೆಲ್ಲ ಎರೆಯ ಬಿರುಕಿಗೆ ಸೇರಿ, ಗುಬ್ಬಿಗೆ ಸೇರಿ, ಇರುವೆಗೆ ಸೇರಿ ಮುಗಿದಿರುತ್ತದೆ. ನಾವು ಬಂಗಾರವೆಂದು ಕೊಯ್ದು ತಂದದ್ದು ಬರೀ ಖಾಲಿ ಚೀಲ. ಇದಕ್ಕೆ ಕುಡುಗೋಲಿನ ಸುಗ್ಗಿ ನಡೆಯುವುದಿಲ್ಲ, ಕ್ರಾಸಿಂಗಿನಂತೆ ದಿನಾ ಬೆಳಿಗ್ಗೆ ಪ್ರತಿ ಗಿಡದ ಮನೆಗೆ ಹೋಗಿ ಕೇಳಬೇಕು. ನನಗೆ ಕುಣಿಯುವಷ್ಟು ಖುಷಿಯಾಯಿತು. ದಿನಾ ಹೋಗುವ ಕೆಲಸವಲ್ಲವೇ ನನಗೆ ಬರುವುದು?

ನಮ್ಮೂರಿಗೇ ಮದುವೆಯಾಗಿ ಬಂದ ಗೆಳತಿಯೊಬ್ಬಳಿದ್ದಾಳೆ, ಮುಸ್ಲಿಂ ಮನೆಯವಳು, ರಾಣೆಬೆನ್ನೂರಿನಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಕ್ರಾಸಿಂಗ್ ಮಾಡಿದವಳು. ಅವಳನ್ನು ಕರೆದೆ. ಅವಳು ಹುಲ್ಲಿನ ತೆನೆ ಕೈಯಲ್ಲಿ ಹಿಡಿದು, "ಹತ್ತಿ ಆತು, ಟಮಾಟಿ ಆತು, ಈಗ ಹುಲ್ಲಿನ ಸೇವಾ ಮಾಡೂದೇನಲೇ? ಖರೇ ಹೇಳು, ನಿನಗ ಹುಚ್ಚು ಹಿಡಿದೈತಿ ಹೌದಲ್ಲೊ?" ಎಂದಳು. ಹೇಳುತ್ತಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ನಾವು ಕಂಡುಕೊಂಡ ರೀತಿ ಇದು. ಒಂದು ಪೊದೆಯ ಏಳೆಂಟು ತೆನೆಗಳನ್ನು ಒಟ್ಟಿಗೆ ಸೇರಿಸಿ ಕ್ರಾಸಿಂಗಿನ ಬಣ್ಣದ ದಾರದಿಂದ ಜುಟ್ಟು ಕಟ್ಟಿದಂತೆ ಸಡಿಲಾಗಿ ಕಟ್ಟುವುದು. ಇಬ್ಬನಿ ಆರಿದ ಮೇಲೆ ಆ ಜುಟ್ಟನ್ನು ಮೊರದ ಮೇಲೆ ಬಗ್ಗಿಸಿ ಎರಡು ಸಲ ಮೆಲ್ಲಗೆ ತಟ್ಟುವುದು. ಬಲಿತದ್ದು ಬೀಳುತ್ತದೆ, ಬಲಿಯದ್ದು ನಾಳೆಗೆ ಉಳಿಯುತ್ತದೆ. ಜೋರಾಗಿ ಬಡಿದರೆ ಎಳೆಯದೂ ಬಂದು ಬೀಜ ಕೆಡುತ್ತದೆ. ಮಗುವಿನ ಬೆನ್ನು ತಟ್ಟುವಷ್ಟು ಬಲ ಸಾಕು. ಎರಡು ಎಕರೆ ತುಂಬ ಕೆಂಪು, ಹಳದಿ, ನೀಲಿ ದಾರದ ಜುಟ್ಟುಗಳು ಎದ್ದು ನಿಂತವು. ಹೆದ್ದಾರಿಯ ಜನಕ್ಕೆ ಇದು ಇನ್ನೊಂದು ತಮಾಷೆಯಾಯಿತು. "ಏನ್ರೀ, ಹುಲ್ಲಿಗೆ ಹೆರಳು ಹಾಕೀರಿ, ಹೂವು ಯಾವಾಗ ಮುಡಸ್ತೀರಿ?" ಎಂದು ಕೂಗಿ ಹೋಗುತ್ತಿದ್ದರು. ನಾನು ತಿರುಗಿಯೂ ನೋಡುತ್ತಿರಲಿಲ್ಲ. ಮೊರದೊಳಗೆ ಸಣ್ಣ ಮಳೆ ಬಿದ್ದಂತೆ ಸದ್ದು ಬರುತ್ತಿತ್ತು, ಅದನ್ನು ಬಿಟ್ಟು ಇನ್ನೊಬ್ಬರ ಮಾತು ಕೇಳಲು ನನಗೇನು ಬೇರೆ ಕೆಲಸವಿರಲಿಲ್ಲವೇ?

ದಿನಾ ಮೊರದ ಬೀಜವನ್ನು ತಂದು ಪಡಸಾಲೆಯ ನೆರಳಿನಲ್ಲಿ ಹಳೆಯ ಸೀರೆಯ ಮೇಲೆ ಹರವುತ್ತಿದ್ದೆ. ಬಿಸಿಲಿಗೆ ಹಾಕಿದರೆ ಜೀವ ಹೋಗುತ್ತದೆ. ಮೊದಲು ಅತ್ತೆ ಆ ಸೀರೆಯನ್ನು ಸುತ್ತುಹಾಕಿ ಅಡುಗೆಮನೆಗೆ ಹೋಗುತ್ತಿದ್ದರು. ಆಮೇಲೆ ಒಂದು ದಿನ ನೋಡಿದರೆ, ಕೈಯಲ್ಲಿ ಕೋಲು ಹಿಡಿದು ಪಡಸಾಲೆಯಲ್ಲಿ ಕೂತಿದ್ದಾರೆ. "ಗುಬ್ಬಿ ಭಾಳ ಬರಾಕತ್ತಾವ. ಮನಿ ಹೊಲಸ ಮಾಡ್ತಾವ" ಎಂದರು, ನಾನು ಕೇಳದೇ ಇದ್ದರೂ. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಪಾಲಿಗೆ ಅದು ಸಣ್ಣ ಸಾಧನೆಯಲ್ಲ.

ಬೀಜ ಆಯಿತು. ಚೀಲದ ಬಾಯಿ ಕಟ್ಟಿ ಎತ್ತಿದರೆ ಹೆಗಲಿಗೆ ಭಾರ ತಿಳಿಯುವಷ್ಟು ಆಯಿತು. ಅತ್ತೆಯ ಮಾತಿನ ಅರ್ಧ ಗೆದ್ದಂತೆ. ಉಳಿದರ್ಧ, ಅದು ಮೊಳೆಯಬೇಕು.

ನಮ್ಮ ಮನೆಯಲ್ಲಿ ಯಾವ ಬೀಜವಾದರೂ ಒಂದು ಹಿಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಚ್ಚಲ ಹಂಡೆಯ ಹಿಂದೆ ಬೆಚ್ಚಗೆ ಇಟ್ಟು ನೋಡುವುದು ವಾಡಿಕೆ. ಜೋಳವಾದರೆ ಎರಡು ಮೂರು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ನಾನು ಕಟ್ಟಿದ ಹುಲ್ಲಿನ ಬೀಜ ಮೂರು ದಿನವಾದರೂ ಹಾಗೇ ಇತ್ತು, ವಾರವಾದರೂ ಹಾಗೇ ಇತ್ತು. ಮತ್ತೊಂದು ಹಿಡಿ ಕಟ್ಟಿದೆ. ಅದೂ ಅಷ್ಟೇ. ಬಟ್ಟೆ ಬಿಚ್ಚಿ ನೋಡುತ್ತಾ ಬಚ್ಚಲಲ್ಲಿ ಕೂತುಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಈ ಸಲ "ನಾ ಏನೂ ಅನ್ನೂದಿಲ್ಲ" ಎಂದು ಕೂಡ ಅನ್ನಲಿಲ್ಲ. ಚುಚ್ಚಿದ್ದರೆ ಉತ್ತರ ಕೊಡಬಹುದಿತ್ತು, ಅವರು ಸುಮ್ಮನಿದ್ದದ್ದಕ್ಕೇ ನನಗೆ ಅಳು ಬಂತು.

ಹಾವೇರಿಯ ಮೇಡಂಗೆ ಫೋನ್ ಹಚ್ಚಿದೆ. ಅವರು ಆ ಕಡೆಯಿಂದ ನಕ್ಕರು. "ಬೀಜ ಸತ್ತಿಲ್ರಿ, ಮಲಗೈತಿ. ಗಿನಿ ಹುಲ್ಲಿನ ಹೊಸಾ ಬೀಜ ತಿಂಗಳಗಟ್ಟಲೆ ನಿದ್ದಿ ಮಾಡತೈತಿ. ಒಣಾ ಜಾಗಾದಾಗ ಇಡ್ರಿ, ಬ್ಯಾಸಿಗಿ ದಾಟಲಿ."

ಇದನ್ನು ಅತ್ತೆಗೆ ಹೇಳಿದೆ.

"ಬೀಜಕ್ಕ ನಿದ್ದಿ?" ಎಂದು ಅವರು ನನ್ನ ಮುಖ ನೋಡಿದರು. "ಮನಶ್ಯಾಗ ಬಿಡುವಿಲ್ಲ ಮಲಗಾಕ, ಬೀಜ ಮಲಗತೈತಂತ."

ಗೆಳತಿಯ ಬಾಯಿಂದ ಈ ಸುದ್ದಿ ಹೊರಗೆ ಹೋಯಿತು. ಊರ ಬಾಯಿ ಮುಚ್ಚಲು ಮುಚ್ಚಳ ಇಲ್ಲ ಎನ್ನುವುದು ಸುಳ್ಳಲ್ಲ. ಬೇಸಿಗೆಯಿಡೀ ನಾನು ಎಲ್ಲಿ ಹೋದರೂ, "ಎದ್ದಾವೇನ್ರಿ ನಿಮ್ಮ ಬೀಜ? ಚಾ ಕಾಸಿಕೊಟ್ಟು ಎಬ್ಬಸ್ರಿ" ಎಂಬ ಮಾತು. ನಾನೂ ನಗುತ್ತಿದ್ದೆ. ಮನೆಗೆ ಬಂದು ಮಾತ್ರ ಚೀಲದ ಬಾಯಿ ಬಿಚ್ಚಿ ನೋಡುತ್ತಿದ್ದೆ. ಮೇಡಂ ಹೇಳಿದ್ದು ನಿಜವಾಗದಿದ್ದರೆ? ಮುಂಗಾರು ಯಾರ ನಿದ್ದೆಗೂ ಕಾಯುವುದಿಲ್ಲ, ಅತ್ತೆಯ ಪಲ್ಟಿಯೂ ಕಾಯುವುದಿಲ್ಲ.

ಬೇಸಿಗೆ ಇನ್ನೂ ಮುಗಿಯದ ಒಂದು ಬೆಳಿಗ್ಗೆ ನೀರು ಕಾಸಲು ಹೋದಾಗ ಹಂಡೆಯ ಹಿಂದೆ ಒಂದು ಒದ್ದೆ ಗಂಟು ಕಂಡಿತು. ನಾನು ಇಟ್ಟದ್ದಲ್ಲ. ಅತ್ತೆಯನ್ನು ಕೇಳಿದೆ. "ಜ್ವಾಳ ನೋಡಾಕ ಇಟ್ಟೇನಿ" ಎಂದು ಬೇರೆ ಕಡೆ ನೋಡುತ್ತ ಹೇಳಿದರು. ಬಿತ್ತುವ ಜೋಳದ ಬೀಜವನ್ನು ನಾವು ಆ ವರ್ಷ ಇನ್ನೂ ತಂದೇ ಇರಲಿಲ್ಲ. ನನಗೆ ತಿಳಿಯಿತು. ಗಂಟು ಮಾತ್ರ ಆಗಾಗ ಬದಲಾಗುತ್ತಿತ್ತು. ನನ್ನ ಬೀಜದ ಚೀಲದ ಬಾಯಿಯ ಗಂಟು ಕೂಡ ನಾನು ಹಾಕುವ ಗಂಟಿನಂತೆ ಇರುತ್ತಿರಲಿಲ್ಲ.

ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆ ಬಿದ್ದು ನೆಲ ತಣಿದಿದ್ದ ಒಂದು ದಿನ ಅತ್ತೆ ಬಚ್ಚಲಿಂದಲೇ ಕೂಗಿದರು. "ಏಯ್, ಬಾ ಇಲ್ಲಿ, ಲಗೂನ ಬಾ!" ಯಾರೋ ಬಿದ್ದರೆಂದು ಹಿಟ್ಟಿನ ಕೈಯಲ್ಲೇ ಓಡಿದೆ. ಅವರು ಬಟ್ಟೆಯನ್ನು ಅಂಗೈ ಮೇಲೆ ಬಿಚ್ಚಿ ಹಿಡಿದಿದ್ದರು. ಕಂದು ಬೀಜಗಳ ತುದಿಯಲ್ಲಿ ದಾರದ ಎಳೆಯಂಥ ಬಿಳಿ ಮೊಳಕೆಗಳು, ಬಟ್ಟೆಯ ತುಂಬ. "ಕಣ್ಣು ಬಿಟ್ಟಾವು ನೋಡು" ಎಂದರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಎಷ್ಟು ಹೊತ್ತು ನೋಡಿದೆವೋ, ಒಲೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂದ ಮೇಲೆಯೇ ಎಚ್ಚರ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಆದರೆ ಮೊಳೆತಿವೆ ಎಂದರೇ ಹೊರತು, ಹೊಲ ಉಳಿಯಿತು ಎಂದು ಅತ್ತೆ ಬಾಯಿಬಿಡಲಿಲ್ಲ. ನಾನೂ ಕೇಳಲಿಲ್ಲ. ನನ್ನ ಹಟ ನಿಮಗೆ ಈಗಾಗಲೇ ಗೊತ್ತಿದೆ.

ನಾಲ್ಕು ದಿನ ಬಿಟ್ಟು ಅತ್ತೆ ಟ್ರ್ಯಾಕ್ಟರಿನವನಿಗೆ ಫೋನಿನಲ್ಲಿ, "ನಾಳೆ ಮುಂಜಾನೆ ಬಾ, ಪಲ್ಟಿ ಹೊಡಿಯೂದೈತಿ" ಎಂದು ಹೇಳುವುದು ಕೇಳಿಸಿತು. ಯಾವ ಹೊಲ ಎಂದು ಹೇಳಲಿಲ್ಲ. ನನ್ನ ರಕ್ತ ಕುದಿಯಿತು. ಬೀಜ ಆಗಿದೆ, ಮೊಳೆತದ್ದನ್ನು ತಾವೇ ಕಂಡಿದ್ದಾರೆ, ಇನ್ನೇನು ಬೇಕು? ಬೆಳಿಗ್ಗೆ ಯಾರಿಗೂ ಹೇಳದೆ ಹೊಲಕ್ಕೆ ಹೋಗಿ ಹುಲ್ಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಟ್ರ್ಯಾಕ್ಟರು ನನ್ನ ಮೇಲೆ ಹಾದು ಹೋಗಲಿ ಎಂಬಷ್ಟು ಸಿಟ್ಟು. ಅದು ದಾರಿಯಿಂದ ಇಳಿಯಿತು, ನನ್ನ ಹತ್ತಿರ ಬಂತು, 'ಏನ್ರೀ ಅಕ್ಕಾರ' ಎಂದು ಓಡಿಸುವವನು ಕೈ ಎತ್ತಿದ, ಟ್ರ್ಯಾಕ್ಟರು ನನ್ನನ್ನು ದಾಟಿ ಮೇಲಿನ ಹೊಲಕ್ಕೆ ಹೋಯಿತು.

ಮೇಲಿನ ಹೊಲ ಅತ್ತೆಯ ಜೋಳದ ಹೊಲ. ಊರೆಲ್ಲ ಗೋವಿನಜೋಳಕ್ಕೆ ತಿರುಗಿದರೂ ಮನೆಯ ರೊಟ್ಟಿಗೆಂದು ಅವರು ಉಳಿಸಿಕೊಂಡಿದ್ದ, ಯಾರ ಮಾತಿಗೂ ಬಿಟ್ಟುಕೊಡದ ಹೊಲ. ಟ್ರ್ಯಾಕ್ಟರಿನ ಹಿಂದೆ ಅತ್ತೆ ನಡೆದು ಬಂದರು. ಅವರ ಹಿಂದೆ ನಮ್ಮವರು, ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ ಮೀಸೆಯಲ್ಲೇ ನಗುತ್ತ.

"ಇಲ್ಲಿ ಯಾಕ ನಿಂತೀದಿ?" ಎಂದರು ಅತ್ತೆ. "ಮ್ಯಾಲಿನ ಹೊಲ ಅರ್ಧ ನಿನ್ನ ಹುಲ್ಲಿಗೆ ಹಸನ ಮಾಡಸಾಕತ್ತೇನಿ. ರೊಟ್ಟಿಗೆ ಉಳಿದ ಅರ್ಧ ಸಾಕು."

ನಾನು ಸೊಂಟದ ಮೇಲಿನ ಕೈ ಇಳಿಸಿದೆ. ಜೀವನದಲ್ಲಿ ಅಂಥ ಸಂದರ್ಭ ಹೆಚ್ಚಿಲ್ಲ.

ನೆಲ ಹದಕ್ಕೆ ಬಂದ ದಿನ ಎತ್ತು ಹೂಡಿ ಬಿತ್ತನೆಗೆ ಹೋದೆವು. ನಮ್ಮ ಕಡೆ ಬಿತ್ತನೆಯ ಮೊದಲು ಮನೆಯ ಹಿರಿಯ ಹೆಂಗಸು, ಕೂರಿಗೆಯ ಹಿಂದೆ ಬೀಜ ಹಾಕುತ್ತ ನಡೆಯುವವಳ ಉಡಿ ತುಂಬುತ್ತಾಳೆ. ಸೆರಗನ್ನು ಮುಂದೆ ಕಟ್ಟಿ ಮಾಡಿದ ಮಡಿಲಿಗೆ ಅರಿಷಿಣ ಕುಂಕುಮ ಹಚ್ಚಿ ಬೀಜ ಹಾಕುತ್ತಾಳೆ. ಜೋಳಕ್ಕೆ, ತೊಗರಿಗೆ, ಹೆಸರಿಗೆ ಮಾಡುವ ಕೆಲಸ ಇದು. ಹೊಟ್ಟೆಗೆ ಅನ್ನವಾಗುವ ಬೀಜಕ್ಕೆ ಮಾತ್ರ. ಹುಲ್ಲಿನ ಬೀಜ ಸಣ್ಣದು, ಹಿಡಿತಕ್ಕೆ ಸಿಗಲೆಂದು ಉಸುಕು ಬೆರೆಸಿ ನಾನೇ ಬುಟ್ಟಿಯಲ್ಲಿ ತಂದಿಟ್ಟಿದ್ದೆ. ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಹೊರಡಬೇಕು, ಅತ್ತೆ ಅಡ್ಡ ಬಂದರು. ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದರು. ಆ ಸೀರೆ ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುವಂಥದ್ದು.

"ಬುಟ್ಟಿ ಇಳಸು. ಉಡಿ ಹಿಡಿ."

"ಅತ್ತೀ, ಹುಲ್ಲಿನ ಬೀಜರಿ ಇದು."

"ಗೊತ್ತೈತಿ ನನಗ. ಬೆಳಿ ಬಿತ್ತಾಕಿ ಉಡಿ ಖಾಲಿ ಇರಬಾರದು. ಹಿಡಿ ಅಂದೆ."

ಬೆಳೆ ಎಂದರು. ಅವರ ಬಾಯಿಂದಲೇ. ಉಡಿ ಹಿಡಿದೆ. ಅವರು ನನ್ನ ಹಣೆಗೆ ಕುಂಕುಮ ಹಚ್ಚಿದರು, ಬೀಜಕ್ಕೆ ಹಚ್ಚಿದರು, ಎರಡೂ ಕೈ ಬೊಗಸೆ ಮಾಡಿ ಉಡಿಗೆ ತುಂಬಿದರು. ಒಂದು ಬೊಗಸೆ, ಇನ್ನೊಂದು ಬೊಗಸೆ, ಮತ್ತೂ ಒಂದು. ನನ್ನ ಕಣ್ಣಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು, ತಡೆಯಲು ನೋಡಲೂ ಇಲ್ಲ.

ಅತ್ತೆ ನನ್ನ ಗಲ್ಲ ಹಿಡಿದು ಮುಖ ಬದಿಗೆ ತಿರುಗಿಸಿದರು. "ಅಳಬ್ಯಾಡ, ಉಡಿಯಾಗಿನ ಬೀಜ ತೊಯ್ತಾವ. ನಡಿ, ಎತ್ತು ನಿಂತಾವ."

ತೋಳಿನಿಂದ ಮುಖ ಒರೆಸಿಕೊಂಡು ನಾನು ಕೂರಿಗೆಯ ಹಿಂದೆ ನಡೆದೆ.